ವೈದ್ಯನ ಮುಂದೆ ಉಪಗೂಹನವೇ?

ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದ್ದೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದ ವಿಷಯವಲ್ಲ. ಸಮಂತಭದ್ರಾಚಾರ್ಯರು ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಕೂಡಿಸಿ ಎಂಟೆಂದರು. ಅಮೃತಚಂದ್ರಾಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಪಂಚೋದುಂಬರ ಫಲಗಳ ತ್ಯಾಗವನ್ನು ಹೇಳಿದರು. ಎಣಿಕೆ ಬೇರೆಯಾದರೂ ಮದ್ಯದ ಹೆಸರು ಎರಡರಲ್ಲಿಯೂ ಮೊದಲಿಗೇ ಬರುತ್ತದೆ. ಆದಕಾರಣ ಮದ್ಯಪಾನವು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಅನಾವಶ್ಯಕ. ನಾನು ಎತ್ತಿಕೊಂಡಿರುವ ಪ್ರಶ್ನೆ ಅದರ ಮುಂದಿನದು. ತ್ಯಾಗವೇ ಕುಲಾಚಾರವಾಗಿರುವ ಮನೆಯಲ್ಲಿ ಒಬ್ಬನು ಗುಟ್ಟಾಗಿ ಕುಡಿಯುವವನಿದ್ದಾನೆ. ಅವನಿಗೆ ಜ್ವರ ಬಂದು, ಉಸಿರು ಸಾಲದೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. "ಇವರಿಗೆ ಕುಡಿತವೋ ತಂಬಾಕೋ ಏನಾದರೂ ಅಭ್ಯಾಸವುಂಟೆ?" ಎಂದು ವೈದ್ಯರು ಕೇಳುತ್ತಾರೆ. ಪಕ್ಕದಲ್ಲಿ ನಿಂತ ಶ್ರಾವಕನು ಏನೆಂದು ಉತ್ತರ ಕೊಡಬೇಕು?

ಪ್ರಶ್ನೆ ಕಾಲ್ಪನಿಕವಲ್ಲ. 2021ರ ಮೇ ತಿಂಗಳು, ಎರಡನೆಯ ಅಲೆಯ ಕೋವಿಡ್ ನಮ್ಮ ಸೀಮೆಯಲ್ಲಿ ಉಗ್ರವಾಗಿದ್ದ ದಿನಗಳು. ನನ್ನ ಚಿಕ್ಕಪ್ಪನ ಮಗನಿಗೆ ಉಸಿರಾಟ ಕಷ್ಟವಾಗಿ, ಹಾಸಿಗೆಗಾಗಿ ಒಂದು ದಿನವಿಡೀ ಅಲೆದು, ಕೊನೆಗೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಸ್ಥಳ ದೊರಕಿತು. ತರುಣ ವೈದ್ಯರೊಬ್ಬರು ಕಾಗದ ಮುಂದಿಟ್ಟುಕೊಂಡು ಒಂದೊಂದಾಗಿ ಕೇಳುತ್ತ ಹೋದರು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದೆ ಆದ ಶಸ್ತ್ರಚಿಕಿತ್ಸೆ. ಕುಡಿತದ ಪ್ರಶ್ನೆ ಬಂದಾಗ ನಾನು ಕ್ಷಣಮಾತ್ರವೂ ತಡೆಯದೆ, "ಇಲ್ರೀ ಡಾಕ್ಟರೇ, ನಮ್ಮದು ಜೈನ ಮನೆತನ" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ತಮ್ಮನು ನನ್ನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿದ.

ಅವನು ಎಂಟು ಹತ್ತು ವರ್ಷಗಳಿಂದ ದಿನವೂ ಕುಡಿಯುತ್ತಿದ್ದನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಅಂಗಡಿ ಮುಚ್ಚಿದ ಮೇಲೆ ಕುಡಿದು, ಏಲಕ್ಕಿ ಅಗಿಯುತ್ತ, ಹಿತ್ತಿಲ ಬಾಗಿಲಿನಿಂದ ಒಳಸೇರುವನು. ರಾತ್ರಿಭೋಜನ ನಿಷಿದ್ಧವಾದ ಮನೆಯಾದ್ದರಿಂದ, ತಡವಾಗಿ ಬಂದವನನ್ನು ಊಟಕ್ಕೆ ಎಬ್ಬಿಸಿ ಕೂರಿಸಿ ಮುಖ ನೋಡುವ ಪ್ರಸಂಗವೇ ಯಾರಿಗೂ ಬರುತ್ತಿರಲಿಲ್ಲ. ಬೀಡಿಯಂತೂ ಬಹಿರಂಗವಾಗಿಯೇ ಇತ್ತು. ಅದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆಸ್ಪತ್ರೆ ಸೇರಿದ ಮೂರನೆಯ ರಾತ್ರಿ ಅವನ ಕೈಗಳು ನಡುಗತೊಡಗಿದವು. ಆಮ್ಲಜನಕದ ಮುಖವಾಡವನ್ನು ಕಿತ್ತೆಸೆದು, ಎದುರಿಗೆ ಇಲ್ಲದವರೊಡನೆ ಮಾತನಾಡಿ, ಹಾಸಿಗೆಯಿಂದ ಇಳಿದು ಓಡಲು ನೋಡಿದನಂತೆ. ಕೈಗಳನ್ನು ಮಂಚಕ್ಕೆ ಕಟ್ಟಿದರು. ಆಮ್ಲಜನಕ ಕಡಿಮೆಯಾದಾಗಲೂ ತೀವ್ರ ಜ್ವರದಲ್ಲಿಯೂ ಇಂಥ ಚಿತ್ತಭ್ರಮೆ ಆಗುವುದುಂಟು. ವೈದ್ಯರು ಹಾಗೆಂದೇ ತಿಳಿದರು, ಹಾಗೆ ತಿಳಿಯಲು ನಾನೇ ಕಾರಣನಾಗಿದ್ದೆ. ಮರುದಿನ ಮಧ್ಯಾಹ್ನ ಅವನ ಹೆಂಡತಿ ನನಗೆ ಫೋನು ಮಾಡಿ, "ಭಾವಾ, ನಾ ಡಾಕ್ಟರಿಗೆ ಎಲ್ಲಾ ಹೇಳಿಬಿಟ್ಟೇನ್ರಿ. ನೀವು ಸಿಟ್ಟಾದರೂ ಆಗ್ರಿ" ಎಂದಳು. ಅಂದಿನಿಂದ ಔಷಧ ಬದಲಾಯಿತು. ಎರಡು ಮೂರು ದಿನಗಳಲ್ಲಿ ಅವನ ಬುದ್ಧಿ ತಿಳಿಯಾಯಿತು. ಶ್ವಾಸಕೋಶ ಚೇತರಿಸಲು ಮಾತ್ರ ಬಹುದಿನ ಬೇಕಾಯಿತು. ಜೂನ್ ತಿಂಗಳಲ್ಲಿ ಅವನು ಮನೆಗೆ ಬಂದ. ಆ ವೈದ್ಯರು ನನ್ನನ್ನು ಗದರಿಸಲಿಲ್ಲ. "ಮೊದಲೇ ತಿಳಿದಿದ್ದರೆ ಅವರನ್ನು ಕಟ್ಟಿಹಾಕುವ ಪ್ರಸಂಗ ಬರುತ್ತಿರಲಿಲ್ಲವೇನೋ" ಎಂದಷ್ಟೇ ಹೇಳಿದರು. ಗದರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದು ನಾನು ಸುಳ್ಳು ಹೇಳಿದ್ದು ಲಜ್ಜೆಯಿಂದ. ಆದರೆ ಮನುಷ್ಯನು ಲಜ್ಜೆಗೂ ಶಾಸ್ತ್ರಾಧಾರವನ್ನು ಹುಡುಕಿಕೊಳ್ಳುತ್ತಾನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ, ಸಧರ್ಮಿಯ ದೋಷವನ್ನು ಮುಚ್ಚಬೇಕೆಂದಲ್ಲವೇ ಹೇಳಿದೆ, ಎಂದು ಮನೆಗೆ ಬಂದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸತ್ಯಾಣುವ್ರತದ ವಿಚಾರದಲ್ಲಿಯೂ ಒಂದು ಆಸರೆ ಸಿಕ್ಕಿತು: ಪರರಿಗೆ ವಿಪತ್ತು ತರುವಂಥ ಸತ್ಯವನ್ನು ಕೂಡ ಸ್ಥೂಲಸತ್ಯವ್ರತಿಯು ನುಡಿಯನೆಂದು ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯ. ಹೀಗೆ ನನ್ನ ಸುಳ್ಳಿಗೆ ಎರಡು ಕಂಬಗಳು ದೊರೆತವು. ಎರಡೂ ಪೊಳ್ಳೆಂಬುದನ್ನು ತಿಳಿಯಲು ನನಗೆ ಕಾಲ ಹಿಡಿಯಿತು.

ಉಪಗೂಹನಕ್ಕೆ ದೃಷ್ಟಾಂತವಾಗಿ ನಾವೆಲ್ಲ ಕೇಳಿರುವುದು ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ. ಬ್ರಹ್ಮಚಾರಿಯ ವೇಷದ ಕಳ್ಳನು ಚೈತ್ಯಾಲಯದ ವೈಡೂರ್ಯವನ್ನು ಕದ್ದು ಓಡುತ್ತಿರುವಾಗ ಕಾವಲುಗಾರರು ಬೆನ್ನಟ್ಟುತ್ತಾರೆ. ಅವನು ಶ್ರೇಷ್ಠಿಯ ಮರೆಹೊಗುತ್ತಾನೆ. "ನಾನೇ ಹೇಳಿ ತರಿಸಿದ್ದು" ಎಂದು ಶ್ರೇಷ್ಠಿಯು ಅವರನ್ನು ಕಳುಹಿಸಿಬಿಡುತ್ತಾನೆ. ಇಷ್ಟನ್ನೇ ನೆನಪಿಟ್ಟುಕೊಂಡರೆ ಕಥೆ ಅರ್ಧವಾಯಿತು. ಶ್ರೇಷ್ಠಿಯು ಜನರ ಮುಂದೆ ಮುಚ್ಚಿದ್ದು ಧರ್ಮಕ್ಕೆ ಬರಬಹುದಾಗಿದ್ದ ನಿಂದೆಯನ್ನು. ಏಕಾಂತದಲ್ಲಿ ಅವನು ಆ ಕಳ್ಳನನ್ನು ಹಿಂದಿನಂತೆ ರತ್ನದ ಬಳಿ ಇರಗೊಡಲಿಲ್ಲ, ಹೊರಗೆ ಹಾಕಿದನು. ದೋಷವನ್ನು ತಾನು ಕಂಡವನು, ಅದಕ್ಕೆ ಮಾಡಬೇಕಾದುದನ್ನು ಮಾಡಿದವನು, ಹೊರಗಿನವರ ಎದುರಿಗೆ ಮಾತ್ರ ಮುಚ್ಚಿದನು. ನಾವು ಮನೆಯಲ್ಲಿ ಮಾಡಿದ್ದು ಇದರ ವಿಪರೀತ. ನಾವು ದೋಷವನ್ನು ಕಾಣದವರಂತೆ ಇದ್ದೆವು. ಏಕಾಂತದಲ್ಲಿ ಏನೂ ಮಾಡಲಿಲ್ಲ. ಮುಚ್ಚಿದ್ದು ಯಾರ ಎದುರಿಗೆಂದರೆ, ಲೋಕದಲ್ಲಿ ಅದನ್ನು ತಿಳಿಯುವ ಅಗತ್ಯವಿದ್ದ ಒಬ್ಬನೇ ಒಬ್ಬನ ಎದುರಿಗೆ. ಉಪಗೂಹನದ ಮರುಅಂಗವು ಸ್ಥಿತಿಕರಣ. ಜಾರಿದವನನ್ನು ಮತ್ತೆ ನಿಲ್ಲಿಸುವ ಉದ್ದೇಶವಿಲ್ಲದ ಮುಚ್ಚುವಿಕೆಗೆ ಉಪಗೂಹನವೆಂಬ ಹೆಸರು ಸಲ್ಲದೆಂದು ನನಗೆ ಈಗ ತೋರುತ್ತದೆ.

ಇನ್ನು ವಿಪತ್ತು ತರುವ ಸತ್ಯದ ಮಾತು. ವೈದ್ಯನಿಗೆ ಹೇಳುವ ಸತ್ಯದಿಂದ ವಿಪತ್ತು ಯಾರಿಗೆ? ರೋಗಿಗಂತೂ ಅಲ್ಲ. ಮನೆತನದ ಮಾನಕ್ಕೆ ಬರುವ ಕೊರತೆಯನ್ನೇ ವಿಪತ್ತೆಂದು ಬರೆದುಕೊಂಡರೆ ಅದು ಮಾನಕಷಾಯದ ಮಾತಾದೀತೇ ಹೊರತು ಅಹಿಂಸೆಯದಲ್ಲ. ಈ ಸಂದರ್ಭದಲ್ಲಿ ವಿಪತ್ತು ಮೌನದ ಕಡೆಗೇ ಇತ್ತು. ಅದು ಎಂಥ ವಿಪತ್ತೆಂಬುದನ್ನು ವಾಚಕರು ತಿಳಿಯದೆ ನನ್ನ ವಾದ ನಿಲ್ಲುವುದಿಲ್ಲವಾದ್ದರಿಂದ, ವೈದ್ಯರು ಆ ಪ್ರಶ್ನೆಯನ್ನು ಏಕೆ ಕೇಳುತ್ತಾರೆಂಬುದನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತೇನೆ.

ನಮ್ಮ ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಒತ್ತಾಗಿ ನಿಂತಿವೆ. ಗಾಳಿಗೆ ತೂಗುವ ಜೋಳದ ಹೊಲದಂತೆ ಅವು ಸದಾ ಒಂದೇ ದಿಕ್ಕಿಗೆ ಬಾಗುತ್ತ, ಧೂಳನ್ನೂ ರೋಗಾಣುಗಳನ್ನೂ ಹಿಡಿದಿಟ್ಟ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ತಂಬಾಕಿನ ಹೊಗೆಯು ಈ ರೋಮಗಳನ್ನು ಜಡಗೊಳಿಸುತ್ತದೆ, ಕಾಲಕ್ರಮದಲ್ಲಿ ನಾಶಮಾಡುತ್ತದೆ, ಲೋಳೆಯನ್ನು ಹೆಚ್ಚಿಸುತ್ತದೆ. ಗುಡಿಸುವವರು ಬಿದ್ದುಹೋದ ಅಂಗಳಕ್ಕೆ ವೈರಾಣು ಬಂದಿಳಿಯುತ್ತದೆ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿತು. ಇಸ್ರೇಲಿನ ಒಂದು ಸೇನಾ ತುಕಡಿಯಲ್ಲಿ ಇನ್‌ಫ್ಲುಯೆಂಜಾ ಹಬ್ಬಿತು. ತುಕಡಿಯಲ್ಲಿದ್ದ 336 ಮಂದಿಯೂ ಆರೋಗ್ಯವಂತ ತರುಣರು; ಉಣ್ಣುವ ಅನ್ನ, ಮಲಗುವ ಜಾಗ, ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ಧೂಮಪಾನಿಗಳಲ್ಲಿ ನೂರಕ್ಕೆ 68.5 ಮಂದಿಗೆ ಜ್ವರ ತಗುಲಿತು, ಉಳಿದವರಲ್ಲಿ 47.2 ಮಂದಿಗೆ. ಹಾಸಿಗೆ ಹಿಡಿದವರು ಅಥವಾ ಕೆಲಸ ಬಿಡಬೇಕಾಗಿ ಬಂದವರು ಧೂಮಪಾನಿಗಳಲ್ಲಿ ನೂರಕ್ಕೆ 50.6, ಉಳಿದವರಲ್ಲಿ 30.1. ಇವರು ವಯಸ್ಸಾದವರಲ್ಲ, ಇಪ್ಪತ್ತರ ಆಸುಪಾಸಿನವರು ಎಂಬುದನ್ನು ಗಮನಿಸಬೇಕು.

ಮದ್ಯದ ದಾರಿ ಬೇರೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಪರಕೀಯ ಕಣಗಳನ್ನು ನುಂಗಿ ಹಾಕುವ ಭಕ್ಷಕಕೋಶಗಳಿವೆ. ಬಹುಕಾಲದ ಕುಡಿತವು ಅವುಗಳ ಚುರುಕನ್ನು ಕುಂದಿಸುತ್ತದೆ. ಆ ಗೂಡುಗಳನ್ನು ಸವೆತದಿಂದ ಕಾಪಾಡುವ ಗ್ಲುಟಥಯೋನ್ ಎಂಬ ವಸ್ತುವಿನ ಸಂಗ್ರಹವನ್ನು ಬರಿದುಮಾಡುತ್ತದೆ. ಹೊರನೋಟಕ್ಕೆ ಶ್ವಾಸಕೋಶ ಸರಿಯಾಗಿಯೇ ಇರುತ್ತದೆ. ದೊಡ್ಡ ಕಾಯಿಲೆಯ ಭಾರ ಬಿದ್ದ ದಿನ ಅದು ಕುಸಿಯುತ್ತದೆ. ಗಾಳಿಗೂಡುಗಳಲ್ಲಿ ನೀರು ತುಂಬಿ ಆಮ್ಲಜನಕ ರಕ್ತಕ್ಕೆ ಸೇರದಂತಾಗುವ ಈ ಕುಸಿತವೇ ಕೋವಿಡ್ಡಿನಲ್ಲಿ ಅಸಂಖ್ಯ ಜನರನ್ನು ಕೊಂದದ್ದು. ಕೋವಿಡ್ಡಿಗೆ ಬಹು ಮುಂಚೆ, 1996ರಲ್ಲಿ, ಅಮೆರಿಕದ ವೈದ್ಯರು ಇಂಥ ಕುಸಿತದ ಅಪಾಯದಲ್ಲಿದ್ದ 351 ರೋಗಿಗಳನ್ನು ಪರಿಶೀಲಿಸಿದ್ದರು. ಕುಡಿತದ ಚಟವಿದ್ದವರಲ್ಲಿ ನೂರಕ್ಕೆ 43 ಮಂದಿಗೆ ಶ್ವಾಸಕೋಶ ಕುಸಿಯಿತು, ಇಲ್ಲದವರಲ್ಲಿ 22 ಮಂದಿಗೆ. ಕುಸಿದವರಲ್ಲಿ ಸತ್ತವರ ಪ್ರಮಾಣ ಮೊದಲಿನವರಲ್ಲಿ ನೂರಕ್ಕೆ 65, ಎರಡನೆಯವರಲ್ಲಿ 36. ಯಕೃತ್ತಿನ ವೈರಾಣುಗಳ ವಿಷಯದಲ್ಲಿಯೂ ಕಥೆ ಇದೇ. ಹೆಪಟೈಟಿಸ್ ಸಿ ತಗುಲಿದ 2235 ಮಂದಿಯ ಬಗ್ಗೆ 1997ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಯಕೃತ್ತು ಬೇಗನೆ ಗಡುಸಾಗಲು ಕಂಡುಬಂದ ಮೂರು ಮುಖ್ಯ ಕಾರಣಗಳಲ್ಲಿ ದಿನಕ್ಕೆ 50 ಗ್ರಾಮು ಅಥವಾ ಅದಕ್ಕೂ ಹೆಚ್ಚಿನ ಮದ್ಯಸಾರ ಒಂದು. ಉಳಿದೆರಡು, 40 ವರ್ಷ ದಾಟಿದ ಮೇಲೆ ಸೋಂಕು ತಗುಲಿರುವುದು ಮತ್ತು ಗಂಡಸಾಗಿರುವುದು. ಈ ಮೂರರಲ್ಲಿ ಮನುಷ್ಯನ ಕೈಯಲ್ಲಿರುವುದು ಮೊದಲಿನದೊಂದೇ.

ಕೋವಿಡ್ಡಿನ ಲೆಕ್ಕಗಳೂ ಇದಕ್ಕೆ ಹೊಂದಿಕೊಂಡಿವೆ. ಬ್ರಿಟನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಧೂಮಪಾನಿಯು ಆಸ್ಪತ್ರೆ ಸೇರುವ ಸಂಭವ ಎಂದೂ ಸೇದದವನಿಗಿಂತ ನೂರಕ್ಕೆ 80ರಷ್ಟು ಹೆಚ್ಚು. ಮದ್ಯ, ತಂಬಾಕು ಮೊದಲಾದ ವ್ಯಸನವುಳ್ಳವರನ್ನು ಕುರಿತು 2020ರಲ್ಲಿ ಅಮೆರಿಕದಲ್ಲಿ 7 ಕೋಟಿ 30 ಲಕ್ಷ ಜನರ ಆಸ್ಪತ್ರೆ ದಾಖಲೆಗಳಿಂದ ತೆಗೆದ ಲೆಕ್ಕವೊಂದಿದೆ: ಕೋವಿಡ್ ತಗುಲಿದ ವ್ಯಸನಿಗಳಲ್ಲಿ ನೂರಕ್ಕೆ 9.6 ಮಂದಿ ಸತ್ತರು, ಒಟ್ಟು ಕೋವಿಡ್ ರೋಗಿಗಳಲ್ಲಿ 6.6 ಮಂದಿ. ಈ ಲೆಕ್ಕಕ್ಕೆ ಇನ್ನೊಮ್ಮೆ ಬರುತ್ತೇನೆ.

ಇಲ್ಲಿ ಸತ್ಯವ್ರತದ ಸಲುವಾಗಿ ಒಂದು ಮಾತನ್ನು ಸೇರಿಸಲೇಬೇಕು. ನಮ್ಮ ವೇದಿಕೆಗಳ ಮೇಲೆ ವ್ಯಸನವಿರೋಧದ ಭಾಷಣ ಮಾಡುವವರು ಅನುಕೂಲವಾದ ಅಂಕಿಗಳನ್ನು ಮಾತ್ರ ಹೇಳುತ್ತಾರೆ. ಪ್ರತಿಕೂಲವಾದವೂ ಇವೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಸ್ವಇಚ್ಛೆಯಿಂದ ಬಂದ 391 ಮಂದಿಗೆ ನೆಗಡಿಯ ವೈರಾಣುಗಳನ್ನು ಮೂಗಿಗೆ ಹಾಕಿ ನೋಡಿದ ಪ್ರಯೋಗದ ಫಲಿತಾಂಶ 1993ರಲ್ಲಿ ಹೊರಬಂತು. ಧೂಮಪಾನಿಗಳಿಗೆ ನೆಗಡಿ ಹೆಚ್ಚು ಬಂತು, ಇದು ನಿರೀಕ್ಷಿತ. ಆದರೆ ಧೂಮಪಾನ ಮಾಡದ, ಮಿತವಾಗಿ ಮದ್ಯ ಸೇವಿಸುವವರಿಗೆ ಕುಡಿಯದವರಿಗಿಂತ ನೆಗಡಿ ಕಡಿಮೆ ಬಂತು! ಹಾಗೆಯೇ 2020ರ ವಸಂತಕಾಲದಲ್ಲಿ ಫ್ರಾನ್ಸಿನ ಕೆಲವು ಆಸ್ಪತ್ರೆಗಳಲ್ಲಿ ಕೋವಿಡ್ ರೋಗಿಗಳ ನಡುವೆ ಧೂಮಪಾನಿಗಳು ಎಣಿಸಿದ್ದಕ್ಕಿಂತ ಕಡಿಮೆ ಕಂಡು, ನಿಕೋಟಿನ್ನೇ ರಕ್ಷೆಯಿರಬಹುದೆಂಬ ಊಹೆ ಹುಟ್ಟಿತು. ಜನರು ನಿಕೋಟಿನ್ ಪಟ್ಟಿಗಳಿಗೆ ಮುಗಿಬೀಳಬಾರದೆಂದು ಅಲ್ಲಿನ ಸರ್ಕಾರ ಏಪ್ರಿಲ್‌ನಲ್ಲಿ ಅವುಗಳ ಮಾರಾಟಕ್ಕೇ ಮಿತಿ ಹಾಕಬೇಕಾಯಿತು. ಮುಂದೆ ಉಸಿರಾಟದ ಯಂತ್ರದ ಮೇಲಿದ್ದ ರೋಗಿಗಳಿಗೆ ಆ ಪಟ್ಟಿ ಹಚ್ಚಿ ಪರೀಕ್ಷಿಸಿದಾಗ ಸಾವು ಕಡಿಮೆಯಾಗಲಿಲ್ಲ, ಊಹೆ ಬಿದ್ದುಹೋಯಿತು. ನೆಗಡಿಯ ಪ್ರಯೋಗ ಮಾತ್ರ ಹಾಗೆಯೇ ಇದೆ. ಇರಲಿ. ನಮ್ಮ ಮದ್ಯತ್ಯಾಗವು ನೆಗಡಿಯ ಮೇಲೆ ನಿಂತಿಲ್ಲ. ಮದ್ಯದಲ್ಲಿ ಹುಟ್ಟುವ ಜೀವಗಳ ಹಿಂಸೆಯೂ, ಮನಸ್ಸು ಮೋಹಗೊಂಡು ಧರ್ಮವನ್ನು ಮರೆಯುವ ಪ್ರಮಾದವೂ ಆಚಾರ್ಯರು ಕೊಟ್ಟ ಕಾರಣಗಳು. ದೇಹದ ಲಾಭಕ್ಕಾಗಿ ಹಿಡಿದ ವ್ರತವನ್ನು ನಾಳೆ ಇನ್ನೊಂದು ಪ್ರಯೋಗ ಬಿಡಿಸಬಹುದು. ವೈದ್ಯಕೀಯದ ಅಂಕಿಗಳನ್ನು ನಾವು ವ್ರತಕ್ಕೆ ಊರುಗೋಲಾಗಿ ತರುವುದು ಬೇಡ. ರೋಗಿಯ ಹಾಸಿಗೆಯ ಬಳಿಗೆ, ಅವು ಸೇರಬೇಕಾದ ಸ್ಥಳಕ್ಕೆ, ತೆಗೆದುಕೊಂಡು ಹೋದರೆ ಸಾಕು.

ಆ ಹಾಸಿಗೆಯ ಬಳಿ ಅತ್ಯಂತ ತುರ್ತಾದ ಸಂಗತಿ ಒಂದಿದೆ. ನನ್ನ ತಮ್ಮನಿಗೆ ಆದದ್ದು ಅದೇ. ಮದ್ಯವು ಮಿದುಳಿನ ಉದ್ವೇಗವನ್ನು ಅದುಮುವ ವಸ್ತು. ದಿನವೂ ಅದುಮಿಸಿಕೊಂಡ ಮಿದುಳು ತನ್ನ ಉದ್ವೇಗವನ್ನು ಅದಕ್ಕೆ ತಕ್ಕಂತೆ ಏರಿಸಿಕೊಂಡು ಸಮತೂಕ ಮಾಡಿಕೊಂಡಿರುತ್ತದೆ. ಮದ್ಯವನ್ನು ಒಮ್ಮೆಗೇ ತೆಗೆದರೆ ಏರಿದ ಉದ್ವೇಗ ಹಾಗೆಯೇ ಉಳಿಯುತ್ತದೆ. ಮೊದಲನೆಯ ಅಥವಾ ಎರಡನೆಯ ದಿನ ಮೂರ್ಛೆ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ನಡುಕ, ಬೆವರು, ಭ್ರಮೆ, ಎದೆಬಡಿತ ಏರಿ ಪ್ರಾಣವೇ ಹೋಗಬಹುದು. ನಿಕೋಟಿನ್ ಬಿಟ್ಟವನು ಸಿಡುಕುತ್ತಾನೆ, ನಿದ್ದೆಗೆಡುತ್ತಾನೆ, ಅದರಿಂದ ಸಾಯುವುದಿಲ್ಲ. ಮದ್ಯಕ್ಕೆ ಅಂಟಿದವನು ಅದನ್ನು ಹಠಾತ್ತನೆ ಬಿಟ್ಟು ಸಾಯಬಲ್ಲನು. ಜ್ವರದವನು ಆಸ್ಪತ್ರೆ ಸೇರಿದ ಕ್ಷಣದಿಂದ ಮದ್ಯ ತಾನಾಗಿಯೇ ನಿಂತಿರುತ್ತದೆ. ವೈದ್ಯನಿಗೆ ತಿಳಿದಿದ್ದರೆ ಮೊದಲ ದಿನದಿಂದಲೇ ಶಾಮಕ ಔಷಧವನ್ನೂ, ಕುಡಿಯುವವರಲ್ಲಿ ಸಾಮಾನ್ಯವಾಗಿ ಬತ್ತಿರುವ ಬಿ1 ಜೀವಸತ್ವವನ್ನೂ ಕೊಡುತ್ತಾನೆ. ತಿಳಿಯದಿದ್ದರೆ ಎರಡು ಕಾಯಿಲೆಗಳನ್ನು ಒಂದೆಂದು ಭಾವಿಸಿ ಹೋರಾಡುತ್ತಾನೆ.

2020ರ ಮಾರ್ಚ್ 25ರಿಂದ ದೇಶ ಮುಚ್ಚಿದಾಗ ಇದು ಸಹಸ್ರಾರು ಮನೆಗಳಲ್ಲಿ ಒಮ್ಮೆಲೇ ನಡೆಯಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ಮದ್ಯ ನಿಂತ ಉಪದ್ರವದಿಂದ ಬರುವವರ ಸಂಖ್ಯೆ ಏರಿದುದನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಕೇರಳದಲ್ಲಿ ಕೆಲವರು ಪ್ರಾಣ ಕಳೆದುಕೊಂಡ ಮೇಲೆ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಮುಂದಾಯಿತು. ಏಪ್ರಿಲ್ 2ರಂದು ಅಲ್ಲಿನ ಉಚ್ಚನ್ಯಾಯಾಲಯ ಅದಕ್ಕೆ ತಡೆ ಹಾಕಿತು. ಕರ್ನಾಟಕದಲ್ಲಿ ಮೇ 4ರಂದು ಅಂಗಡಿಗಳು ತೆರೆದ ದಿನದ ಸಾಲುಗಳನ್ನು ದೂರದರ್ಶನದಲ್ಲಿ ನೋಡಿ ನಾವು ನಕ್ಕೆವು. ಆ ಸಾಲಿನಲ್ಲಿ ಕೈ ನಡುಗುತ್ತಿದ್ದವರು ಎಷ್ಟು ಮಂದಿ ಇದ್ದರೆಂದು ಆಗ ನನಗೆ ತೋಚಲಿಲ್ಲ. ಅಂಥವನೊಬ್ಬ ನಮ್ಮ ಮನೆಯಲ್ಲಿಯೇ ಇದ್ದ. ಆ ನಲವತ್ತು ದಿನ ಅವನು ಹೇಗೆ ಕಳೆದನೆಂದು ನಾನು ಕೇಳಲಿಲ್ಲ, ಎಲ್ಲಿಂದಲೋ ಸಂಪಾದಿಸಿರಬೇಕು.

ಈಗ ಎಲ್ಲರ ನಾಲಗೆಯ ಮೇಲಿರುವ ಮಾತಿಗೆ ಬರುತ್ತೇನೆ: "ಮಾಡಿದ್ದುಣ್ಣೋ ಮಹಾರಾಯ." ಕುಡಿದವನು ಸತ್ತರೆ ಅದು ಅವನ ಕರ್ಮ, ಅದಕ್ಕೆ ನಾವೇನು ಮಾಡಲಾದೀತು ಎಂದು ಶ್ರದ್ಧಾವಂತರೇ ಹೇಳುವುದನ್ನು ಕೇಳಿದ್ದೇನೆ. ಕುಡಿತಕ್ಕೂ ಶ್ವಾಸಕೋಶದ ಕುಸಿತಕ್ಕೂ ಕಾರ್ಯಕಾರಣ ಸಂಬಂಧ ಉಂಟೆಂದು ಮೇಲೆ ನಾನೇ ಬರೆದಿರುವಾಗ, ಈ ಮಾತನ್ನು ಹೇಗೆ ತಳ್ಳಿಹಾಕಲಿ? ಕರ್ಮಸಿದ್ಧಾಂತವನ್ನು ಬಲ್ಲವರು ಇನ್ನೂ ಎರಡು ಹೆಜ್ಜೆ ಹೋಗಬೇಕು. ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಅನುಸರಿಸಿ ಆಗುವುದೆಂದು ನಮ್ಮಲ್ಲಿ ಹೇಳಿದೆ. ಆಗಲೇ ಹೇಳಿದ ಅಮೆರಿಕದ ಲೆಕ್ಕವನ್ನು ನೋಡಿ: ವ್ಯಸನಿಗಳಾದ ಕೋವಿಡ್ ರೋಗಿಗಳಲ್ಲಿ ಒಟ್ಟಾರೆ ಸಾವು ನೂರಕ್ಕೆ 9.6, ಅವರಲ್ಲಿ ಕಪ್ಪುಜನಾಂಗದವರ ಸಾವು 13. ಇವರು ಹೆಚ್ಚು ಪಾಪ ಮಾಡಿದರೇ? ಬಡತನ, ಮೊದಲೇ ಇದ್ದ ಕಾಯಿಲೆಗಳು, ದೂರದ ಆಸ್ಪತ್ರೆ, ತಡವಾದ ಚಿಕಿತ್ಸೆ, ಇವೆಲ್ಲ ಕ್ಷೇತ್ರಕಾಲಗಳೇ ಅಲ್ಲವೇ? ಹಾಗಾದರೆ ನನ್ನ ತಮ್ಮನ ಹಾಸಿಗೆಯ ಪಕ್ಕದ ಕ್ಷೇತ್ರದಲ್ಲಿ ನನ್ನ ಸುಳ್ಳೂ ಒಂದು ವಸ್ತುವಾಗಿತ್ತು. ಅವನ ಅಸಾತಾವೇದನೀಯ ಅವನದು. ಕೈ ಕಟ್ಟಿಸಿದ ನಿಮಿತ್ತ ನಾನು. ಅದೇ ತಿಂಗಳು ನಮ್ಮ ಬೀದಿಯ ಶ್ರಾವಿಕೆಯೊಬ್ಬರು, ನಲವತ್ತು ವರ್ಷ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತಪ್ಪಿಸದವರು, ಅದೇ ವೈರಾಣುವಿನಿಂದ ತೀರಿಕೊಂಡರು. ಅವರ ಮನೆಯ ಮುಂದೆ ನಿಂತು ಯಾರೂ "ಮಾಡಿದ್ದುಣ್ಣೋ" ಎನ್ನಲಿಲ್ಲ.

ತಂಬಾಕಿನ ವಿಷಯದಲ್ಲಿ ನಮ್ಮ ಸಮಾಜ ಇನ್ನೊಂದು ಬಗೆಯ ಮರೆಯನ್ನು ಕಟ್ಟಿಕೊಂಡಿದೆ. ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರಿಲ್ಲ. ಇಲ್ಲದ್ದರಿಂದ ದೋಷವಿಲ್ಲವೆಂದು ವಾದಿಸುವ ಹಿರಿಯರನ್ನು ನಾನು ಬಲ್ಲೆ, ಅಂಗೈಯಲ್ಲಿ ಸುಣ್ಣ ಬೆರೆಸಿ ತಿಕ್ಕುತ್ತಲೇ ವಾದಿಸುತ್ತಾರೆ. ತಂಬಾಕು ಪೋರ್ಚುಗೀಸರೊಡನೆ ಈ ದೇಶಕ್ಕೆ ಬಂದದ್ದು. ಅದಕ್ಕೂ ಶತಮಾನಗಳ ಹಿಂದೆ ಆದ ಆಚಾರ್ಯರು ಅದನ್ನು ಹೆಸರಿಸುವುದಾದರೂ ಹೇಗೆ? ಹೇಳಲು ಸಂಕೋಚವಾದರೂ ಹೇಳಬೇಕು, ನಿಪ್ಪಾಣಿಯ ಸುತ್ತಿನ ತಂಬಾಕಿನ ಬೆಳೆಯಲ್ಲಿ ನಮ್ಮವರ ಹೊಲಗಳೂ ಇವೆ, ವ್ಯಾಪಾರದಲ್ಲಿ ನಮ್ಮವರ ತಕ್ಕಡಿಗಳೂ ಇವೆ. ಮೌನಕ್ಕೆ ಅದೂ ಒಂದು ಕಾರಣವಿರಬಹುದು. ನಿಕೋಟಿನ್ ಹೆರಾಯಿನ್, ಕೊಕೇನ್‌ಗಳಂತೆಯೇ ಮನುಷ್ಯನನ್ನು ವಶಮಾಡಿಕೊಳ್ಳುವ ವಸ್ತುವೆಂದು ಅಮೆರಿಕದ ಸರ್ಜನ್ ಜನರಲ್ 1988ರ ವರದಿಯಲ್ಲಿ ಹೇಳಿದರು. ವೈರಾಣು ಸೋಂಕಿನ ವಿಷಯದಲ್ಲಿ ಮೇಲೆ ಕೊಟ್ಟ ಅಂಕಿಗಳು ಹೊಗೆಯನ್ನು ಕುರಿತವು, ಜಗಿಯುವ ತಂಬಾಕನ್ನು ಕುರಿತವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಜಗಿಯುವವರ ಅಪಾಯ ಬಾಯಿಗೂ ಗಂಟಲಿಗೂ ಸೇರಿದ್ದು. ಉಗುಳುವವರ ಅಪಾಯ ಪಕ್ಕದವರದು.

ಇನ್ನು ವ್ರತಗ್ರಹಣದ ಬಗ್ಗೆ ಎರಡು ಮಾತು. ಮುನಿಸಂಘ ಊರಿಗೆ ಬಂದಾಗ, ದಶಲಕ್ಷಣ ಪರ್ವದ ಸಭೆಯಲ್ಲಿ, ಕುಡಿಯುವವನನ್ನು ಮುಂದೆ ತಳ್ಳಿ "ಈ ಕ್ಷಣದಿಂದ ಬಿಟ್ಟೆನೆಂದು ಹೇಳು" ಎಂದು ಒತ್ತಾಯಿಸುವ ಪದ್ಧತಿಯುಂಟು. ಅದರ ಜೊತೆಗೆ ಪ್ರಾಯಶ್ಚಿತ್ತವೆಂದು ಎರಡು ಉಪವಾಸಗಳನ್ನೂ ಹೇರುವವರುಂಟು. ಮಿತವಾಗಿ ಕುಡಿಯುವವನಿಗೆ ಇದರಿಂದ ಅಪಾಯವಿಲ್ಲದಿರಬಹುದು. ದಿನವೂ ವಿಶೇಷವಾಗಿ ಕುಡಿಯುವವನಿಗೆ, ಬೆಳಿಗ್ಗೆ ಎದ್ದೊಡನೆ ಕೈ ನಡುಗುವವನಿಗೆ, ಅದು ಪ್ರಾಣಾಂತಿಕವಾಗಬಹುದು. ಬಿ1 ಸತ್ವ ಬತ್ತಿದ ದೇಹಕ್ಕೆ ಉಪವಾಸ ಇನ್ನಷ್ಟು ಕೆಡುಕು. ಅವನನ್ನು ಮೊದಲು ವೈದ್ಯನ ಬಳಿ ಕರೆದೊಯ್ದು, ಐದಾರು ದಿನಗಳ ಚಿಕಿತ್ಸೆಯೊಡನೆ ಮದ್ಯ ಬಿಡಿಸಿ, ಅನಂತರ ವ್ರತ ಕೊಡಿಸಿದರೆ ವ್ರತಕ್ಕೆ ಕುಂದೇನೂ ಇಲ್ಲ. ಬಿಡುವ ಸಂಕಲ್ಪ ಮೊದಲೇ ಆಗಿರಬಹುದಷ್ಟೆ.

ತಂಬಾಕಿನದು ಬೇರೆ ಲೆಕ್ಕ. ಕಾಲಮಿತಿಯುಳ್ಳ ತ್ಯಾಗ ನಿಯಮ, ಯಾವಜ್ಜೀವ ತ್ಯಾಗ ಯಮ, ಎಂಬ ವಿಭಾಗ ಎಲ್ಲರಿಗೂ ತಿಳಿದದ್ದು. ನಮ್ಮ ಧೂಮಪಾನಿಗಳು ಬಹುಮಂದಿ ಅಷ್ಟಮಿಗೊಂದು ದಿನ, ಚತುರ್ದಶಿಗೊಂದು ದಿನ ಬಿಡುತ್ತಾರೆ, ಮರುದಿನ ಪಾರಣೆಯೊಡನೆ ಬೀಡಿಯನ್ನೂ ಹಚ್ಚುತ್ತಾರೆ. ನಿಕೋಟಿನ್ ಬಿಟ್ಟ ತಳಮಳ ಎರಡು ಮೂರನೆಯ ದಿನಕ್ಕೆ ಶಿಖರಕ್ಕೇರಿ, ಆಮೇಲೆ ವಾರಗಳಲ್ಲಿ ಇಳಿಯುವಂಥದು. ಒಂದೇ ದಿನ ಬಿಡುವವನು ಪ್ರತಿ ಸಲವೂ ಬೆಟ್ಟವನ್ನು ಹತ್ತಲು ಆರಂಭಿಸಿ ನಡುದಾರಿಯಿಂದ ಹಿಂದಿರುಗುತ್ತಾನೆ, ಇಳಿಜಾರನ್ನು ಎಂದೂ ಕಾಣುವುದಿಲ್ಲ. ಆದ್ದರಿಂದ ನಿಯಮ ಹಿಡಿಯುವುದಾದರೆ ಅಷ್ಟಾಹ್ನಿಕದ ಎಂಟು ದಿನ, ದಶಲಕ್ಷಣದ ಹತ್ತು ದಿನ ಹಿಡಿಯುವುದು ಮೇಲು. ಬಿಟ್ಟು ಒಂದರಿಂದ ಒಂಬತ್ತು ತಿಂಗಳಲ್ಲಿ ಕೆಮ್ಮೂ ಉಬ್ಬಸವೂ ಇಳಿಯುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಆ ಸಣ್ಣ ರೋಮಗಳು ಮತ್ತೆ ಕೆಲಸಕ್ಕೆ ತೊಡಗುತ್ತವೆ.

ನನ್ನ ತಮ್ಮನು ಮತ್ತೆ ಮದ್ಯ ಮುಟ್ಟಲಿಲ್ಲವೆಂದು ಬರೆಯಲು ನನಗೆ ಆಸೆ. 2022ರಲ್ಲಿ ಒಮ್ಮೆ ಜಾರಿದ. ಆ ಸಲ ತಾನೇ ವೈದ್ಯರ ಬಳಿ ಹೋಗಿ ಹೇಳಿಕೊಂಡ. ಬೀಡಿಯ ನಿಯಮವನ್ನು ಒಂದು ಕಾರ್ತಿಕದ ಅಷ್ಟಾಹ್ನಿಕದಲ್ಲಿ ಹಿಡಿದು ಆರನೆಯ ದಿನ ಮುರಿದ. ಫಾಲ್ಗುಣದಲ್ಲಿ ಮತ್ತೆ ಹಿಡಿದಿದ್ದಾನೆ. ಈ ಲೇಖನವನ್ನು ಕಳುಹಿಸುವ ಮುನ್ನ ಅವನಿಗೆ ಪೂರ್ತಿ ಓದಿ ಹೇಳಿ, ಬೇಡವೆಂದರೆ ಹರಿದುಹಾಕುವೆನೆಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹೆಸರು ಹಾಕಬ್ಯಾಡ ಅಣ್ಣಾ, ಉಳಿದದ್ದು ಇರಲಿ. ಆದರ ಒಂದು ತಪ್ಪು ಬರದೀ. ಎಂಟು ಹತ್ತು ವರ್ಷ ಅಲ್ಲ, ಹದಿನಾಲ್ಕು" ಎಂದ.